ಬೂದಿ ಬದಲಾದ ತಿಂಗಳು

ತಿಗರಿ ಕೋಣೆಯಿಂದ,
ಗುರುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅತ್ತೇ,

ಕಣ್ಣು ಹೇಗಿದೆ? ಆಪರೇಷನ್ ಆದ ಕಣ್ಣಿಗೆ ಔಷಧಿ ಬಿಡುವಾಗ ತಲೆ ಕೊಸರುತ್ತೀರಂತೆ, ನಾದಿನಿ ಚಾಡಿ ಹೇಳಿದಳು. ಈ ಪತ್ರ ಅವಳೇ ಓದಿ ಹೇಳಬೇಕಲ್ಲ, ನಡುವೆ ತನ್ನದೊಂದು ಒಗ್ಗರಣೆ ಹಾಕದ ಹಾಗೆ ನೋಡಿಕೊಳ್ಳಿ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಮಾವ ಪಕ್ಕದಲ್ಲೇ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿರುತ್ತಾರೆ.

ಮೊದಲು ಕೆಟ್ಟ ಸುದ್ದಿ ಹೇಳಿಬಿಡುತ್ತೇನೆ. ನೀವು ನಾದಿನಿಯ ಮನೆಗೆ ಹೋದ ಮೇಲೆ ಸುಟ್ಟ ಮೊದಲ ಭಟ್ಟಿಯಲ್ಲಿ ಹನ್ನೊಂದು ಜಾಡಿ ಹಾಳಾದವು. ಜಾಡಿಗೆ ಬಳಿದ ಬೂದಿಯ ಮೆರುಗು ಕರಗಿ ಜೇನಿನ ಹಾಗೆ ಇಳಿದು ಭಟ್ಟಿಯ ತಳಕ್ಕೆ ಕಚ್ಚಿಕೊಂಡಿತ್ತು, ಉಳಿ ಹಿಡಿದು ಬಿಡಿಸಬೇಕಾಯಿತು. ನೀವು ಹೇಳಿಕೊಟ್ಟ ಹಾಗೇ ಮೂರು ಸೌಟು ಬೂದಿಗೆ ಎರಡು ಸೌಟು ಮಣ್ಣು ಕಲೆಸಿದ್ದೆ. ದರ್ಜಿಯ ಮಗಳಿಗೆ ಮಣ್ಣು ಎಲ್ಲಿಂದ ಒಲಿಯಬೇಕು ಅಂತ ನನ್ನನ್ನೇ ಬೈದುಕೊಂಡು ಅತ್ತುಬಿಟ್ಟೆ. ಮಾವ, "ನಿಮ್ಮತ್ತೆ ಬರೋವರೆಗೂ ಭಟ್ಟಿ ತಣ್ಣಗಿರಲಿ ಬಿಡಮ್ಮ," ಅಂದರು. ಸಮಾಧಾನಕ್ಕೆ ಅಂದದ್ದೇ, ಆದರೂ ಎದೆ ಚುರುಕ್ ಅಂತು.

ಎರಡು ದಿನ ತಿಗರಿ ತಿರುಗಿಸಲಿಲ್ಲ, ಮಣ್ಣು ಮುಟ್ಟಲಿಲ್ಲ. ಮೂರನೇ ದಿನ ಬ್ರೆಡ್ಡು ತರಲು ಬೇಕರಿಗೆ ಹೋದರೆ, ಒಲೆಯ ಪಕ್ಕ ಬೇರೆಯೇ ಸೌದೆ! ನಮಗೆ ಬೂದಿ ಬರುವುದು ಅಲ್ಲಿಂದಲೇ ತಾನೆ? ಕೇಳಿದ್ದಕ್ಕೆ ಬೇಕರಿಯವರು, "ಹಳೇ ಸೌದೆ ಸಿಗ್ತಿಲ್ಲಮ್ಮ, ತಿಂಗಳಾಯ್ತು. ಯಾವುದಾದ್ರೇನು, ಬೂದಿ ಬೂದೀನೇ ಅಲ್ವಾ?" ಅಂದರು. ಅಲ್ಲೇ ಅವರಿಗೆ ಕೈ ಮುಗಿಯಬೇಕು ಅನ್ನಿಸಿತು. ಸೌದೆ ಬದಲಾಗಿ ಬೂದಿ ಬೇಗ ಕರಗಿದೆ ಅಷ್ಟೇ, ತಪ್ಪು ನನ್ನ ಕೈಯದಲ್ಲ!

ಓಡಿ ಬಂದು ಆರು ಪುಟ್ಟ ಬಟ್ಟಲು ಮಾಡಿದೆ. ಒಣಗಿದ ಮೇಲೆ ಒಂದೊಂದಕ್ಕೂ ಬೂದಿಯಲ್ಲಿ ಮಣ್ಣು ಹೆಚ್ಚಿಸುತ್ತಾ ಮೆರುಗು ಬಳಿದು, ಚಿಕ್ಕ ಭಟ್ಟಿಯಲ್ಲಿ ಸುಟ್ಟೆ. ನಾಲ್ಕನೆಯದರಲ್ಲಿ ಮೆರುಗು ಅಲ್ಲಾಡದೆ ನಿಂತಿತ್ತು. ಬಣ್ಣ ಮಾತ್ರ ನಿಮ್ಮ ಕಂದು ಅಲ್ಲ ಅತ್ತೆ, ಎಲೆಯ ಹಿಂಬದಿಯ ಹಸಿರು. ಮುಚ್ಚಿಡುವುದೇಕೆ, ನನಗೆ ಅದು ತುಂಬಾ ಹಿಡಿಸಿತು.

ನಿನ್ನೆ ದೊಡ್ಡ ಭಟ್ಟಿ ತೆಗೆದೆವು. ಅದೇ ಅಳತೆಯ ಮೆರುಗು ಬಳಿದ ಮೂವತ್ತು ಜಾಡಿಗಳಲ್ಲಿ ಒಂದೇ ಒಂದು ಸೀಳು ಬಿಟ್ಟಿದೆ. ಮಾವ ಒಂದೊಂದನ್ನೂ ಬೆರಳಲ್ಲಿ ತಟ್ಟುತ್ತಾ ಹೋದರು. ಉಳಿದವೆಲ್ಲವೂ ಠಣ್ ಅಂದವು. ಕೊನೆಗೆ "ಹೂಂ" ಅಂದರು. ಅವರ ಒಂದು ಹೂಂ ಅಂದರೆ ಬೇರೆಯವರ ಭಾಷಣ, ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆಮೇಲೆ ಊಟಕ್ಕೆ ಕೂತು ಎರಡು ಸಲ ಬಡಿಸಿಕೊಂಡರು.

ಅವರು ನಿಮ್ಮ ದಾರಿ ಕಾಯುತ್ತಿರುವುದನ್ನು ಬರೆಯಬಾರದಂತೆ. ಬರೆದಿಲ್ಲ ಅಂದುಕೊಳ್ಳಿ. ನಾದಿನಿಗೆ ನನ್ನ ಅಕ್ಕರೆ ತಿಳಿಸಿ. ಕಣ್ಣು ಉಜ್ಜಬೇಡಿ.

ನಿಮ್ಮ ಆಶೀರ್ವಾದದಲ್ಲಿರುವ
ಸೊಸೆ

ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ: ಹೊಸ ಹಸಿ ಜಾಡಿಗಳ ತಳಕ್ಕೆ ಎಂದಿನಂತೆ ನಿಮ್ಮ ಎರಡು ಗೆರೆಯ ಗುರುತು ಹಾಕಲು ಹೊರಟಿದ್ದೆ. ಮಾವ ಕೈಯಿಂದ ಕಡ್ಡಿ ಕಸಿದುಕೊಂಡು, "ಇನ್ಮೇಲೆ ನಿನ್ನದು ಹಾಕು," ಅಂದರು. ನನಗೆಲ್ಲಿದೆ ಗುರುತು? ನಿಮ್ಮ ಗೆರೆಗಳ ಪಕ್ಕ ನನ್ನದೊಂದು ಚುಕ್ಕೆ ಇಟ್ಟುಕೊಳ್ಳಲೇ? ಗುರುತು ಹಸಿಯಲ್ಲೇ ಹಾಕಬೇಕಲ್ಲ, ಪತ್ರ ಮುಟ್ಟಿದ ಕೂಡಲೇ ಫೋನ್ ಮಾಡಿಸಿ ಅತ್ತೆ. ಜಾಡಿಗಳಿಗೆ ಒದ್ದೆ ಬಟ್ಟೆ ಹೊದಿಸಿಟ್ಟಿದ್ದೇನೆ, ಆದರೂ ಮಣ್ಣು ಒಣಗುತ್ತಿದೆ.