ನೀಲಾವತಿ–ದೇವದಾಸ ದಂಪತಿಗೆ ತಪ್ಪಿದ ಬೆಳ್ಳಿಹಬ್ಬದ ಶಾಲು

ಮಾನ್ಯ ವಾರ್ಷಿಕೋತ್ಸವ ವಿಶೇಷಾಧಿಕಾರಿಗಳೇ,

ಇವತ್ತು ಬೆಳಿಗ್ಗೆ ನಮ್ಮ ಅಡುಗೆಕೋಣೆಯ ಒಲೆಯ ಮೇಲಿನ ಹಗ್ಗದಲ್ಲಿ ಅಜ್ಜಿಯ ರೇಷ್ಮೆ ಸೀರೆ ನೇತಾಡುತ್ತಿತ್ತು. ಆಟಿ ತಿಂಗಳ ಜಡಿಮಳೆಯಲ್ಲಿ ಮುಗ್ಗಲು ವಾಸನೆ ಹೋಗಿಸಲು ಬೇರೆ ಜಾಗವಿಲ್ಲ. ಅದು ನಿಮ್ಮ ಸನ್ಮಾನ ಸಭೆಗೆಂದು ಪೆಟ್ಟಿಗೆಯಿಂದ ತೆಗೆದ ಸೀರೆ. ನಮ್ಮವರ ಸನ್ಮಾನ ರದ್ದಾಗಿದೆ ಎಂದು ಎಷ್ಟು ಹೇಳಿದರೂ ಅಜ್ಜಿ ಅದನ್ನು ಇಳಿಸಲು ಬಿಡುತ್ತಿಲ್ಲ. ನನ್ನ ದೂರು ಇಷ್ಟೇ: ನನ್ನ ದೊಡ್ಡಮ್ಮ ನೀಲಾವತಿ ಮತ್ತು ಆಲಂಕಾರಿನ ದೇವದಾಸ ಇವರ ಮದುವೆಯ ಬೆಳ್ಳಿಹಬ್ಬದ ಶಾಲನ್ನು, ದಂಪತಿ ಬದುಕಿಲ್ಲ ಎಂಬ ಕ್ಷುಲ್ಲಕ ಕಾರಣಕ್ಕೆ ನೀವು ಹಿಂದೆಗೆದುಕೊಂಡಿದ್ದೀರಿ.

ತಾವು ಘಟ್ಟದ ಮೇಲಿನವರು, ಆದ್ದರಿಂದ ವಿವರಿಸುತ್ತೇನೆ. ನಮ್ಮಲ್ಲಿ ತೀರಿಕೊಂಡ ಮಕ್ಕಳಿಗೂ ಪ್ರಾಯವಾಗುತ್ತದೆ. ಆಗ ಅವರಿಗೂ ಸಂಬಂಧ ನೋಡಿ ಮದುವೆ ಮಾಡಬೇಕು. ನೀಲಾವತಿ ಆರು ವರ್ಷದವಳಿದ್ದಾಗ ಜ್ವರದಲ್ಲಿ ಹೋದಳು. ಮುಂದೆ ಅವಳ ತಂಗಿಗೆ, ಎಂದರೆ ನನ್ನ ಅಮ್ಮನಿಗೆ, ಬಂದ ಗಂಡುಗಳೆಲ್ಲ ಕಾಫಿ ಕುಡಿದು ಕಾಣೆಯಾದಾಗ, ‘ಅಕ್ಕ ಕಾಯ್ತಾ ಇದ್ದಾಳೆ’ ಎಂದರು ಹಿರಿಯರು. ದೇವದಾಸ ತೊಟ್ಟಿಲಲ್ಲೇ ತೀರಿಕೊಂಡಿದ್ದ ಹುಡುಗ. ೧೯೫೯ರ ಆಟಿಯಲ್ಲಿ ಎರಡು ಮಣೆ ಇಟ್ಟು, ಒಂದರ ಮೇಲೆ ಸೀರೆ, ಇನ್ನೊಂದರ ಮೇಲೆ ಮುಂಡು ಇರಿಸಿ ಧಾರೆ ಎರೆದರು. ಪಾಯಸ ನೀರಾಗಿತ್ತೆಂದು ಆಲಂಕಾರಿನ ಬೀಗರು ಇಂದಿಗೂ ಹೇಳುತ್ತಾರೆ. ಮರುವರ್ಷವೇ ಅಮ್ಮನ ಮದುವೆಯಾಯಿತು. ಆ ಜೋಡಿ ಮಣೆಯ ಮೇಲೆ ಕೂರದಿದ್ದರೆ ಈ ಪತ್ರ ಬರೆಯಲು ನಾನೇ ಇರುತ್ತಿರಲಿಲ್ಲ.

ಸ್ಮರಣೆ ನಿಮ್ಮ ಕಚೇರಿಯ ಕಸುಬು. ನಮ್ಮ ತಂಡ ವಿಶ್ವಕಪ್ ಗೆದ್ದು ವರ್ಷವಾಯಿತೆಂದು ಕಳೆದ ತಿಂಗಳು ಲಾಡು ಹಂಚಿದಿರಿ. ಚಂದ್ರನ ಮೇಲೆ ಮನುಷ್ಯ ಕಾಲಿಟ್ಟು ಹದಿನೈದು ವರ್ಷವಾಯಿತೆಂದು ಮೊನ್ನೆ ಜಡಿಮಳೆಯಲ್ಲಿ ನಮ್ಮನ್ನು ಮೈದಾನಕ್ಕೆ ಕರೆದು, ಕಾಣದ ಚಂದ್ರನತ್ತ ಕೈ ತೋರಿಸಿ ಭಾಷಣ ಮಾಡಿದಿರಿ. ಕಬಕದ ತಿರುವಿನಲ್ಲಿ ಮೊದಲ ಬಾರಿ ಬಸ್ಸು ಮಗುಚಿದ ದಿನಕ್ಕೂ ದೀಪ ಬೆಳಗಿಸಿದಿರಿ. ಅಂದು ಹಲ್ಲು ಕಳೆದುಕೊಂಡ ಅಲಿ ಕುಂಞಿಯವರೇ ಮುಖ್ಯ ಅತಿಥಿ.

ಆಮೇಲೆ ಬೆಳ್ಳಿಹಬ್ಬದ ಆದರ್ಶ ದಂಪತಿಯನ್ನು ಹುಡುಕಲು ಸಮಿತಿಯ ಕೂಸಪ್ಪನವರನ್ನು ಮನೆಮನೆಗೆ ಕಳಿಸಿದಿರಿ.

“ಇಬ್ಬರ ಒಳಗೆ ಜಗಳ ಗಿಗಳ ಉಂಟಾ?” ಎಂದು ಅವರು ಕೇಳಿದರು.

“ಒಂದು ದಿನ ಇಲ್ಲ” ಎಂದರು ಅಜ್ಜಿ.

“ಅಳಿಯ ಕುಡಿಯುದು?”

“ಹಾಲು ಬಿಟ್ಟು ಬೇರೆ ಎಂತದೂ ಮುಟ್ಟಿದವನಲ್ಲ.”

ಕೂಸಪ್ಪನವರಿಗೆ ವಿಷಯ ಗೊತ್ತಿರಲಿಲ್ಲ ಎಂದಲ್ಲ. ಆ ಮದುವೆಯಲ್ಲಿ ಪಾಯಸ ಬಡಿಸಿದವರೇ ಅವರು. ಆದರೆ ಜಗಳ, ಕುಡಿತ ಬಿಟ್ಟರೆ, ಮದುವೆ ಆಗಿ ಇಪ್ಪತ್ತೈದು ವರ್ಷವಾಯಿತೇ ಎಂದಷ್ಟೇ ಕೇಳಲು ನೀವು ಹೇಳಿದ್ದಿರಿ. ಆಗಿತ್ತು. ನಿಮ್ಮ ಸಮಿತಿ ಒಮ್ಮತದಿಂದ ನೀಲಾವತಿ–ದೇವದಾಸರಿಗೇ ಪ್ರಥಮ ಸ್ಥಾನ ಕೊಟ್ಟಿತು.

ಒಪ್ಪಿಗೆ ತಿಳಿಸಲು ಅಜ್ಜಿ ನಿಮ್ಮ ಕಚೇರಿಗೆ ಬಂದ ದಿನ ಬಾಗಿಲ ಬಳಿ ನೆಲ ನೋಡುತ್ತ ನಿಂತಿದ್ದ ಹುಡುಗಿ ನಾನು.

“ದಂಪತಿ ಬರಲಿಲ್ಲವೇ?” ಎಂದಿರಿ.

“ಅವರು ಬರುದು ಹೇಗೆ ಮಾರಾಯ್ರೆ? ತೀರಿಕೊಂಡಿದ್ದಾರಲ್ಲ.”

“ಅಯ್ಯೋ, ಯಾವಾಗ?”

“ಮದುವೆಗಿಂತ ಮೊದಲು.”

ನೀವು ನೀರು ಕುಡಿದಿರಿ. ಆಮೇಲೆ, ಸತ್ತವರಿಗೆ ಸನ್ಮಾನವಿಲ್ಲ ಎಂದಿರಿ. ಹೌದೇ? ನಿಮ್ಮ ಗೋಡೆಯ ತುಂಬ ಹಾರ ಹಾಕಿಸಿಕೊಂಡು ನಿಂತವರಲ್ಲಿ ಉಸಿರಾಡುವವರು ಎಷ್ಟು ಮಂದಿ? ಅವರ ಜಯಂತಿಗೆ ರಜೆ ಕೊಡುವಾಗ ‘ಸ್ವತಃ ಹಾಜರಾಗಬೇಕು’ ಎಂಬ ಷರತ್ತು ಯಾಕಿಲ್ಲ? ಸತ್ತವರಿಗೆ ಹುಟ್ಟಿದ ದಿನ ಇರಬಹುದು, ಮದುವೆಯ ದಿನ ಮಾತ್ರ ಇರಬಾರದೇ?

ಈಗ ಆ ಶಾಲು ದ್ವಿತೀಯ ಸ್ಥಾನದಲ್ಲಿದ್ದ ಸುಳ್ಯ ಕಡೆಯ ಚನಿಯಪ್ಪ–ಪ್ರೇಮಾವತಿ ದಂಪತಿಗೆ ನಿಗದಿಯಾಗಿದೆ. ಅವರು ಜೀವಂತವಾಗಿದ್ದಾರೆ, ಅದು ನಿಜ. ಆದರೆ ಇಬ್ಬರೂ ಮಾತಾಡುವುದು ನಾಯಿಯ ಮೂಲಕ. “ಊಟ ಆಯಿತಂತಾ ಕೇಳು ಟೈಗರ್” ಎಂದು ಆಕೆ ಹೇಳಿದರೆ, “ಹಸಿವಿಲ್ಲ ಅಂತ ಹೇಳು ಟೈಗರ್” ಎಂದು ಈತ. ಇಷ್ಟು ವರ್ಷ ಆ ಮದುವೆಯನ್ನು ಎಳೆದ ನಾಯಿಗೇ ನೀವು ಶಾಲು ಹೊದಿಸಿದರೆ ನನಗೆ ತಕರಾರಿಲ್ಲ.

ಅಜ್ಜಿಗೆ ಶಾಲು ಬೇಕಿಲ್ಲ. ನೀಲಾವತಿಯ ಒಂದು ಫೋಟೋ ಇಲ್ಲ, ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಅವಳ ಹೆಸರನ್ನು ಹತ್ತು ಜನರ ಎದುರು ಯಾರಾದರೂ ಗಟ್ಟಿಯಾಗಿ ಕರೆದದ್ದು ಧಾರೆಯ ದಿನ ಮಾತ್ರ. “ಮೈಕಿನಲ್ಲಿ ಅವಳ ಹೆಸರು ಹೇಳ್ತಾರಂತೆ, ಅಲ್ವಾ ಮಗಾ?” ಎಂದು ನನ್ನನ್ನು ಕೇಳುತ್ತಲೇ ಇದ್ದಾರೆ.

ನನ್ನ ಒತ್ತಾಯ: ಸಭೆಯಲ್ಲಿ ಆ ಎರಡು ಹೆಸರು ಓದಿಸಿ. ಕುರ್ಚಿ ಕೂಡ ಹಾಕಬೇಕಾಗಿಲ್ಲ.

ಸಾಹಿತ್ಯ ಓದಿದವಳೆಂದು ಸಭೆಯ ದಿನದ ಸನ್ಮಾನಪತ್ರ ಓದಲು ನೀವು ನನಗೇ ಹೇಳಿಕಳಿಸಿದ್ದಿರಿ. ತರಗತಿಯಲ್ಲಿ ಹಾಜರಿ ಕೂಗಿದರೂ ಕೈಯನ್ನಷ್ಟೇ ಎತ್ತುತ್ತಿದ್ದವಳು ನಾನು, ಆಗುವುದಿಲ್ಲ ಎಂದಿದ್ದೆ. ನಿನ್ನೆ ಕೂಸಪ್ಪನವರ ಹತ್ತಿರ ಒಪ್ಪಿಗೆ ಹೇಳಿಕಳಿಸಿದ್ದೇನೆ. ನಿಮ್ಮ ಸನ್ಮಾನಪತ್ರವನ್ನು ಒಂದಕ್ಷರ ಬಿಡದೆ ಓದುತ್ತೇನೆ. ಅದಕ್ಕಿಂತ ಮೊದಲು ನೀಲಾವತಿ, ದೇವದಾಸ ಎಂದು ಓದುತ್ತೇನೆ. ತಾವು ಮೈಕು ನಿಲ್ಲಿಸಿದರೆ, ಮೈಕಿಲ್ಲದೆ.

ಇಂತಿ,
ಸತ್ತವರ ಮದುವೆಯ ದೆಸೆಯಿಂದ ಹುಟ್ಟಿ, ಬದುಕಿರುವವರ ಸಭೆಗೆ ಹೆದರುವ
ಲೋಲಾಕ್ಷಿ
ಕುಂಬ್ರ, ಆಟಿ, ೧೯೮೪