ಪಡಸಾಲೆಯ ಯೂನಿವರ್ಸಿಟಿ

ಹಾರನಹಳ್ಳಿ
22-8-2025, ಶುಕ್ರವಾರ

ನನ್ನ ಪವಿಗೆ ಅಕ್ಕನ ಆಶೀರ್ವಾದ.

ನಾವು ಮೂವರೂ ನೀನು ಬಿಟ್ಟುಹೋದ ಹಾಗೇ ಇದ್ದೇವೆ. ನೀನು ಆ ಮಂಗಳೂರಿನ ಸೆಕೆಯಲ್ಲಿ, ಆ ಹಾಸ್ಟೆಲಿನ ಅನ್ನದಲ್ಲಿ ಹೇಗಿದ್ದೀಯೋ ಅನ್ನುವುದೊಂದೇ ಚಿಂತೆ. ಒಂದೇ ಅಂದೆ, ಆದರೆ ನನಗೆ ಯಾವ ಚಿಂತೆಯೂ ಒಂಟಿಯಾಗಿ ಬರುವುದಿಲ್ಲ, ನಿನಗೆ ಗೊತ್ತಲ್ಲ.

ಈ ಕಾಗದ ಬರೆಯಬೇಕು ಅಂತ ಆಷಾಢದಿಂದ ಕೂರುತ್ತಿದ್ದೇನೆ. ಕೂತರೆ ಅವ್ವ ಕರೆಯುತ್ತಾಳೆ. ಅವ್ವ ಮಲಗಿದರೆ ನಿಮ್ಮ ಭಾವ ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ನಿಂದ ಕೂಗುತ್ತಾರೆ. ಇಬ್ಬರೂ ಸುಮ್ಮನಿದ್ದರೆ ಯಾಕೆ ಸುಮ್ಮನಿದ್ದಾರೆ ಅಂತ ಭಯವಾಗಿ ನಾನೇ ಎದ್ದುಹೋಗಿ ನೋಡಿ ಬರುತ್ತೇನೆ. ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಫೋನಿದೆಯಲ್ಲಕ್ಕ ಅನ್ನುತ್ತೀಯ. ಫೋನಿನಲ್ಲಿ ನೀನು ‘ಹೂಂ, ಹೇಳಕ್ಕ’ ಅಂದ ತಕ್ಷಣ ನನಗೆ ಹೇಳಬೇಕಾದ್ದೆಲ್ಲ ಮರೆತುಹೋಗುತ್ತದೆ. ಊಟ ಆಯ್ತಾ, ಅಲ್ಲಿ ಮಳೆನಾ ಅಂತ ಕೇಳಿ ಇಟ್ಟುಬಿಡುತ್ತೇನೆ. ಇಟ್ಟ ಮೇಲೆ ಒಂದೊಂದೇ ಜ್ಞಾಪಕಕ್ಕೆ ಬರುತ್ತದೆ. ಏಳನೇ ಕ್ಲಾಸಿಗೇ ನಿಂತವಳ ಬರವಣಿಗೆ, ಒತ್ತಕ್ಷರ ಎಲ್ಲೆಲ್ಲಿ ತಪ್ಪಿದೆಯೋ ತಿದ್ದಿಕೊಂಡು ಓದು.

ಅವ್ವನ ವಿಷಯ ಮೊದಲು ಹೇಳಿಬಿಡುತ್ತೇನೆ. ಲಕ್ವ ಹೊಡೆದ ಬಲಗೈ ಇನ್ನೂ ಏಳುವುದಿಲ್ಲ. ಮಾತು ಹೂಂ, ಊಹೂಂ ಬಿಟ್ಟು ಮುಂದಕ್ಕೆ ಬಂದಿಲ್ಲ. ನೀನು ತೋರಿಸಿಕೊಟ್ಟ ಹಾಗೆ ಮಗ್ಗುಲು ಬದಲಾಯಿಸುತ್ತಲೇ ಇದ್ದೇನೆ, ಬೆನ್ನಿಗೆ ಹುಣ್ಣಾಗಿಲ್ಲ. ಮೊನ್ನೆ ಮೈ ಒರೆಸುವಾಗ ಬೆನ್ನು ಕೆಂಪಗೆ ಕಂಡು ನನ್ನ ಜೀವ ಬಾಯಿಗೆ ಬಂತು. ನಿನಗೆ ಫೋನ್ ಮಾಡಲು ಹೋದೆ. ಆಮೇಲೆ ನೋಡಿದರೆ ಹೊಸ ದುಪ್ಪಟಿಯ ಬಣ್ಣ ಬಿಟ್ಟಿತ್ತು. ಭಾವ ಆಡಿಕೊಂಡು ನಕ್ಕಿದ್ದೇ ನಕ್ಕಿದ್ದು. ಅವ್ವನೂ ನಕ್ಕಳು ಕಣೇ, ಎಡಗಡೆಯ ಬಾಯಿಯಲ್ಲಿ.

ಹೊಗೆಸೊಪ್ಪಿನ ಕೆಲಸ ಜೋರಾಗಿದೆ. ಮುರಿಯುವುದು, ಕಡ್ಡಿಗೆ ಕಟ್ಟುವುದು, ಬ್ಯಾರನ್‌ಗೆ ಏರಿಸುವುದು, ಇದೇ ಆಯಿತು. ಭಾವ ಒಲೆ ಬಿಟ್ಟು ಏಳುವುದಿಲ್ಲ. ಬೆಂಕಿ ಹೆಚ್ಚಾಗಿ ಸೊಪ್ಪು ಕಪ್ಪಾದರೆ ಅಂತ ಅವರಿಗೆ, ಒಲೆ ಮುಂದೆ ಕೂತಲ್ಲೇ ತೂಕಡಿಸಿ ಮುಂದಕ್ಕೆ ಬಿದ್ದರೆ ಅಂತ ನನಗೆ.

ಹೋದ ವರ್ಷ ಇದೇ ಹೊತ್ತಿಗೆ ನೀನು ಮನೆಯಲ್ಲಿದ್ದೆ. ನರ್ಸಿಂಗಿನಲ್ಲಿ ಪಿಎಚ್‌ಡಿಗೆ ಸೇರಿದೆ ಅಂದಾಗ, ಇನ್ನು ಇವಳು ನಮ್ಮ ಕೈಗೆ ಸಿಗುವುದಿಲ್ಲ ಅಂತ ನಾನು ಅಡುಗೆಮನೆಯಲ್ಲಿ ಕೂತು ಅತ್ತಿದ್ದೆ. ನೀನು ನೋಡಿದರೆ ಕಂಪ್ಯೂಟರನ್ನೂ ಬಟ್ಟೆಯನ್ನೂ ಹೊತ್ತುಕೊಂಡು ಊರಿಗೇ ಬಂದೆ. ‘ನಮ್ಮ ಯೂನಿವರ್ಸಿಟೀಲಿ ಈ ಪಾಠ ಹೇಳೋರಿಲ್ಲ ಕಣಕ್ಕ, ಬೇರೆ ಯೂನಿವರ್ಸಿಟಿಯೋರು ಆನ್‌ಲೈನಲ್ಲಿ ಹೇಳ್ತಾರೆ. ಅವರತ್ರ ಇಲ್ಲದ ಪಾಠಾನ ನಮ್ಮೋರು ಅವರ ಹುಡುಗೀರ್‌ಗೆ ಹೇಳ್ತಾರೆ. ನಾಲ್ಕು ಯೂನಿವರ್ಸಿಟಿ ಸೇರ್ಕೊಂಡು ಹಂಚ್ಕೊಂಡವೆ. ನಾನು ಎಲ್ಲಿ ಕೂತು ಕೇಳಿದ್ರೂ ಆಯ್ತದೆ’ ಅಂದೆ. ‘ಅಂಗಂದ್ರೆ ಮುಯ್ಯಾಳು ಅನ್ನು’ ಅಂದೆ ನಾನು. ನಮ್ಮ ನಾಟಿಗೆ ಪಕ್ಕದ ಮನೆ ಕೆಂಪಾಜಮ್ಮ ಬಂದು ದುಡಿದರೆ ಅವಳ ನಾಟಿಗೆ ನಾವು ಹೋಗಿ ದುಡಿಯುವುದಿಲ್ಲವೇ, ಹಾಗೆ. ನೀನು ಹೊಟ್ಟೆ ಹಿಡಿದುಕೊಂಡು ನಕ್ಕು, ‘ಅಷ್ಟೇ ಕಣಕ್ಕ, ಅಷ್ಟೇ’ ಅಂದೆ.

ಪಡಸಾಲೆಯ ಕಿಟಕಿ ಹತ್ತಿರ ಮಾತ್ರ ನೆಟ್ ಸಿಗುತ್ತಿತ್ತು. ಒಂದು ಕಡೆ ಅವ್ವನ ಮಂಚ, ಇನ್ನೊಂದು ಕಡೆ ನಿನ್ನ ಮೇಜು. ಮೇಲೆ ಇಸ್ತ್ರಿ ಮಾಡಿದ ಅಂಗಿ, ಕೆಳಗೆ ನನ್ನ ಹಳೇ ಲಂಗ ಉಟ್ಟುಕೊಂಡು ನೀನು ಕೂರುತ್ತಿದ್ದೆ. ಕ್ಲಾಸಿನ ಹೊತ್ತಾಯಿತು ಅಂದರೆ ನಾನು ಕೋಳಿಗಳನ್ನೆಲ್ಲ ಬುಟ್ಟಿಯಡಿ ಕವುಚಿ, ಬೀದಿಯಲ್ಲಿ ಆಡುವ ಮಕ್ಕಳನ್ನು ಆಚೆ ಬೀದಿಗೆ ಅಟ್ಟಿ, ಕುಕ್ಕರು ಕೂಗದ ಹಾಗೆ ನೋಡಿಕೊಳ್ಳುತ್ತಿದ್ದೆ. ಅವ್ವನ ಹತ್ತಿರ ಹೋಗಬೇಕಾದರೆ ಕ್ಯಾಮೆರಾಕ್ಕೆ ಬೀಳದ ಹಾಗೆ ಬಗ್ಗಿಕೊಂಡೇ ಹೋಗುತ್ತಿದ್ದೆ. ನಿನ್ನ ಕ್ಲಾಸಿನವರ ಮುಖ ನನಗೆ ಗೊತ್ತಿಲ್ಲ, ದನಿಯೆಲ್ಲ ಗೊತ್ತು. ಗಂಟಲು ಕೆರೆದುಕೊಂಡೇ ಮಾತಾಡುವ ಆ ಸರ್. ಕೇಳಿಸ್ತಿದೆಯಾ, ಕೇಳಿಸ್ತಿದೆಯಾ ಅಂತಲೇ ಅರ್ಧ ಪಾಠ ಮುಗಿಸುವ ಆ ಮೇಡಮ್ಮು. ಒಂದು ಅಕ್ಷರ ಅರ್ಥವಾಗದಿದ್ದರೂ ಅವರೆಕಾಯಿ ಸುಲಿಯುತ್ತಾ ಮಂಚದ ಕಾಲಿಗೆ ಒರಗಿ ಕೂತಿರುತ್ತಿದ್ದೆನಲ್ಲ, ನನ್ನ ಜನ್ಮದಲ್ಲಿ ಅಷ್ಟು ನೆಮ್ಮದಿಯ ಸಾಯಂಕಾಲಗಳು ಇರಲಿಲ್ಲ.

ಈಗ ಆ ಹೊತ್ತು ಬಂದರೆ ಏನು ಮಾಡಬೇಕೋ ತಿಳಿಯುವುದಿಲ್ಲ. ಹೋದ ವಾರ ಅಭ್ಯಾಸದ ಮೇಲೆ ಕೋಳಿಗಳನ್ನು ಬುಟ್ಟಿಯಡಿ ಹಾಕಿಬಿಟ್ಟಿದ್ದೆ. ಭಾವ ಬಂದು, ‘ಯಾಕಮ್ಮಿ, ಕೋಳಿಗ್ಯಾಕೆ ಜೈಲು? ಇವತ್ತು ಯಾವ್ ಯೂನಿವರ್ಸಿಟಿ ಬಂದದೆ?’ ಅಂದರು. ನಗಬೇಕಿತ್ತು. ನನಗೆ ಅಳು ಬಂದು ಒಳಗೆ ಹೋದೆ. ಅವ್ವನ ಮಾತ್ರೆಗೆ ಪಿರಿಯಾಪಟ್ಟಣಕ್ಕೆ ಹೋದಾಗಲೂ ಅಷ್ಟೆ. ಮಂಗಳೂರಿಂದ ಬಂದ ಬಸ್ಸು ನಿಂತರೆ ಇಳಿಯುವವರನ್ನು ಕಡೆಯವರೆಗೂ ನೋಡಿಯೇ ಬರುತ್ತೇನೆ. ನೀನಿಲ್ಲ ಅಂತ ಗೊತ್ತು. ಬಸ್ಸಿನ ತುಂಬ ಕೆಸರು ಮೆತ್ತಿದ್ದರೆ ಮಡಿಕೇರಿ ಘಾಟಿಯಲ್ಲಿ ಎಲ್ಲಿ ಗುಡ್ಡ ಜಾರಿತೋ ಅಂತ ಬೇರೆ ದಿಗಿಲು.

ಈ ಸಲದ ಪಾಠ ಗೌರಿ ಹಬ್ಬ ಕಳೆದ ಮೇಲೆ ಶುರು ಅಂದೆಯಲ್ಲ. ಅದನ್ನೂ ಬೇರೆ ಯೂನಿವರ್ಸಿಟಿಯವರೇ ಆನ್‌ಲೈನಿನಲ್ಲಿ ಹೇಳುವುದು ಅಂದೆ. ಹಾಗಾದರೆ ಮನೆಗೆ ಬರುತ್ತೀಯ ಅಂತ ನಾನು ಆಗಲೇ ನಿನ್ನ ಮೇಜು ಒರೆಸಲು ಹೊರಟಿದ್ದೆ. ‘ಇಲ್ಲ ಕಣಕ್ಕ, ಈ ಸಲ ಹಾಸ್ಟೆಲಲ್ಲೇ ಕೂರ್ತೀನಿ, ಊರಲ್ಲಿ ನೆಟ್ ಸರಿಯಿಲ್ಲ’ ಅಂದುಬಿಟ್ಟೆ. ನಾನು ಆಯ್ತು ಕಣವ್ವ ಅಂದೆ. ಅನ್ನುವಾಗ ದನಿ ಚೆನ್ನಾಗಿಯೇ ಇತ್ತಲ್ಲವೇ?

ನಿನಗೆ ಹೇಳದೆ ಒಂದು ಕೆಲಸ ಮಾಡಿದ್ದೇವೆ, ಬಯ್ಯಬೇಡ. ನೀನು ಹೀಗಂದೆ ಅಂತ ಭಾವನಿಗೆ ಹೇಳಿದ್ದಕ್ಕೆ, ‘ನೆಟ್ ಇಲ್ಲ ಅಂದ್ಳಾ? ಬುಡು, ಅದೊಂದು ಇಲ್ಲ ಅಂತ ಇರಬಾರ್ದು’ ಅಂದು ಸೊಪ್ಪಿನ ಕೆಲಸ ಅರ್ಧಕ್ಕೆ ಬಿಟ್ಟು ಪಿರಿಯಾಪಟ್ಟಣಕ್ಕೆ ಹೋಗಿ ವೈರಿನವರನ್ನು ಕರೆದುಕೊಂಡೇ ಬಂದರು. ಹಲಸಿನ ಮರದ ಮೇಲಿಂದ ತಂತಿ ಎಳೆದು, ಕಿಟಕಿ ಪಕ್ಕ ಒಂದು ಬಿಳಿ ಡಬ್ಬಿ ಹೊಡೆದು ಹೋಗಿದ್ದಾರೆ. ಅದರಲ್ಲಿ ಹಸಿರು ದೀಪ ಮಿಣುಕುತ್ತಿರುತ್ತದೆ. ಕರೆಂಟು ಹೋಗಿ ದೀಪ ಆರಿದರೆ ಕೆಟ್ಟೇಹೋಯಿತೇನೋ ಅಂತ ಅದರ ಮುಂದೆಯೇ ನಿಂತಿರುತ್ತೇನೆ. ಧೂಳು ಹೊಕ್ಕೀತು ಅಂತ ಬಟ್ಟೆ ಮುಚ್ಚಿದ್ದೆ, ಬಿಸಿಯಾಗಿ ಸುಟ್ಟುಹೋಗುತ್ತದೆ ಅಂತ ಭಾವ ತೆಗೆಸಿದರು. ಈಗ ಧೂಳಿನದೇ ಯೋಚನೆ.

ಕೆಂಪಾಜಮ್ಮ ಡಬ್ಬಿ ನೋಡಲು ಬಂದವಳು ನಿನ್ನ ವಿಚಾರ ತೆಗೆದಳು. ‘ನಿನ್ ತಂಗಿ ಡಾಕ್ಟ್ರಾಗೋದು ಯಾವಾಗವ್ವ? ಓದಿ ಓದಿ ತಲೆ ನರೆತ್ ಮೇಲೆ ಡಾಕ್ಟ್ರಾದ್ರೆ ಸೂಜಿ ಚುಚ್ಚಕೆ ಕಣ್ಣು ಕಾಣ್ಬೇಡ್ವಾ?’ ಅಂದಳು. ಇದು ಸೂಜಿ ಚುಚ್ಚುವ ಡಾಕ್ಟರಲ್ಲ ಕಣಕ್ಕ, ನರ್ಸುಗಳಿಗೆ ಪಾಠ ಹೇಳುವ, ರೋಗಿಗಳನ್ನು ಹೇಗೆ ನೋಡಿಕೊಳ್ಳಬೇಕು ಅಂತ ಕಂಡುಹಿಡಿಯುವ ಡಾಕ್ಟರು ಅಂತ ನೀನು ಹೇಳಿಕೊಟ್ಟಂತೆಯೇ ಹೇಳಿದೆ. ‘ಸೂಜಿ ಚುಚ್ಚದ್ ಡಾಕ್ಟ್ರು, ಉಳೋಕಾಗದ್ ಎತ್ತು’ ಅಂತ ಮೂತಿ ತಿರುವಿಕೊಂಡು ಹೋದಳು. ಹೋಗಲಿ ಬಿಡು, ನಾಳೆ ಅವಳೇ ಮಂಡಿ ನೋವು ತೋರಿಸಲು ನಿನ್ನ ಮುಂದೆ ಬಂದು ಕೂರುವವಳು.

ಹೋದ ಭಾನುವಾರ ನಿನ್ನ ಕ್ಲಾಸಿನ ಉಷಾರಾಣಿ ಬಂದಿದ್ದಳು. ಅವಳು ಕಳಿಸಿದ ಫೋಟೋ ನೋಡಿ ನೀನು ಬೆಚ್ಚಿಬಿದ್ದೆಯಂತೆ. ಮಡಿಕೇರಿಗೆ ಹೋಗುವವಳು ದಾರಿಯಲ್ಲಿ ಇಳಿದು ಊರು ಕೇಳಿಕೊಂಡು ಬಂದಿದ್ದಾಳೆ. ಭಾವ ಬ್ಯಾರನ್‌ನಲ್ಲಿದ್ದರು, ಮನೆಯಲ್ಲಿ ಅವ್ವ, ನಾನು. ಬಾಗಿಲಲ್ಲಿ ‘ಯಾರು ಬೇಕಿತ್ತವ್ವ?’ ಅಂದೆ ಅಷ್ಟೆ. ಕುಣಿದಾಡಿಬಿಟ್ಟಳು. ‘ಈ ದನಿ ನನಗೆ ಗೊತ್ತು! ಒಂದಿನ ಪವಿತ್ರಾ ಮೈಕ್ ಆಫ್ ಮಾಡೋದು ಮರೆತಿದ್ಳು. ಅವ್ವಾ, ಒಂದಕ್ಕೆ ಬಂತಾ ಅಂತ ನೀವು ಕೇಳಿದ್ದು ನಾಲ್ಕೂ ಯೂನಿವರ್ಸಿಟಿಗೆ ಕೇಳಿಸ್ತು!’ ಅಂದಳು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ‘ನಾಚ್ಕೋಬೇಡಿ ಅಮ್ಮ, ಅವತ್ತೊಂದೇ ದಿನ ಕ್ಲಾಸಲ್ಲಿ ಎಲ್ಲರೂ ಎಚ್ಚರವಾಗಿದ್ವಿ’ ಅಂತ ನಗಿಸಿದಳು.

ಕೋಲಾರದ ಹುಡುಗಿಯಾದರೂ ನಮ್ಮ ಮುದ್ದೆ, ಉಪ್ಸಾರು ಕೇಳಿ ಹಾಕಿಸಿಕೊಂಡು ಉಂಡಳು. ನಿನ್ನ ಮೇಜಿನ ಮುಂದೆ ಕೂತು, ‘ಒಂದು ವರ್ಷ ಈ ಗೋಡೇನೇ ನೋಡಿದ್ದೀನಿ, ಈ ಕಡೆ ಇಷ್ಟು ದೊಡ್ಡ ಮನೆ ಇದೆ ಅಂತ ಗೊತ್ತಿರಲಿಲ್ಲ’ ಅಂದಳು. ಅವ್ವನ ಕೈ ಹಿಡಿದು ಬೆರಳು ಒಂದೊಂದಾಗಿ ಬಿಡಿಸಿ ನೋಡಿದಳು, ಥೇಟು ನಿನ್ನ ಹಾಗೆ. ಅವ್ವನ ಪಕ್ಕ ಅವಳು ಕೂತಿರುವ ಆ ಫೋಟೋ ಹಿಡಿದದ್ದು ನಾನೇ. ಸ್ವಲ್ಪ ಸೊಟ್ಟಗಿದೆ.

ಅವಳು ಎಲ್ಲಾ ಹೇಳಿದಳು. ಮನೆಯಿಂದಲೇ ಕೂರುವವರು ನಿಮ್ಮಲ್ಲಿ ಬಹಳ ಜನ ಇದ್ದಾರಂತೆ. ಒಬ್ಬಳು ಗದ್ದೆ ಬದುವಿನ ಮೇಲೆ ಕೂತು ಕೇಳುತ್ತಾಳಂತೆ. ಅದಕ್ಕೇ ಕೇಳುತ್ತಿದ್ದೇನೆ ಪವಿ. ಗೌರಿಗೆ ಬಾ. ಕಾಯಿಕಡುಬು ಮಾಡುತ್ತೇನೆ. ಬಂದವಳು ಹಾಗೇ ಉಳಿದುಕೊ, ಇಲ್ಲಿಂದಲೇ ಕ್ಲಾಸಿಗೆ ಕೂರು. ನೆಟ್ ಇಲ್ಲ ಅನ್ನುವ ಮಾತು ಈಗಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ನೀನು ಅವ್ವನ ಮಂಚದ ಪಕ್ಕ ಬಾಯಿ ಬಿಟ್ಟುಕೊಂಡು ಮಲಗಿರಬೇಕು, ನಾನು ಏಳು ಏಳು ಅಂತ ಬಯ್ಯಬೇಕು. ಅಷ್ಟೇ ನನ್ನ ಆಸೆ. ಆಗದಿದ್ದರೆ ಆಗಲ್ಲ ಅಂತ ನೇರವಾಗಿ ಹೇಳು, ನೆಪ ಮಾತ್ರ ಹೇಳಬೇಡ. ನೆಪ ಕೇಳಿದ ಮೇಲೆ ಅದರ ಹಿಂದೆ ಏನಿದೆ ಅಂತ ಹುಡುಕುತ್ತಾ ನನಗೆ ನಿದ್ದೆ ಬರುವುದಿಲ್ಲ.

ಊಟ ಬಿಡಬೇಡ. ಕಂಪ್ಯೂಟರನ್ನು ಹಾಸಿಗೆ ಮೇಲೆ ಚಾರ್ಜಿಗೆ ಹಾಕಿ ಮಲಗಬೇಡ. ನಿನ್ನ ಓದು ಅಡ್ಡಿಯಿಲ್ಲದೆ ದಡ ಸೇರಲಿ, ನಿನ್ನ ಕಣ್ಣು ತಂಪಾಗಿರಲಿ, ಹೋದ ಕಡೆಯಲ್ಲೆಲ್ಲ ಜನ ನಿನ್ನ ಮಾತಿಗೆ ಕಿವಿ ಕೊಡಲಿ. ಅವ್ವನೂ ಎಡಗೈ ಎತ್ತಿದ್ದಾಳೆ, ನಿನ್ನ ತಲೆ ಮೇಲೆ ಇಟ್ಟಳು ಅಂದುಕೊ.

ನಿನ್ನ ಅಕ್ಕ,
ಸಣ್ಣತಾಯಮ್ಮ

ಕಾಗದ ಅಂಟಿಸುವ ಮುಂಚೆ ಇನ್ನೊಂದು ಮಾತು. ಬರೆಯಬಾರದು ಅಂತಿದ್ದೆ.

ಉಷಾರಾಣಿ ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತಾ, ‘ಅಮ್ಮ, ನೀವು ಪವಿತ್ರಾ ಮನೇಲಿ ಎಷ್ಟು ವರ್ಷದಿಂದ ಕೆಲಸಕ್ಕಿದ್ದೀರಿ?’ ಅಂದಳು. ನನಗೆ ಮೊದಲು ತಿಳಿಯಲಿಲ್ಲ. ಆಮೇಲೆ ಅವಳೇ ಹೇಳಿದಳು, ಅವ್ವನನ್ನು ನಾನು ನೋಡಿಕೊಳ್ಳುವ ಬಗೆಯ ಮೇಲೆ ನೀನು ಕ್ಲಾಸಿನಲ್ಲಿ ಒಂದು ದಿನ ಪೂರ್ತಿ ಮಾತಾಡಿದೆಯಂತೆ, ಮೇಡಮ್ಮು ಬಹಳ ಹೊಗಳಿದರಂತೆ. ಯಾರ ಹೆಸರೂ ಹೇಳಬಾರದು ಅನ್ನುವುದು ನಿಮ್ಮ ಓದಿನ ನಿಯಮವಂತೆ, ಅದಕ್ಕೆ ನೀನು ಮೊದಲಿಂದ ಕೊನೆಯವರೆಗೂ ‘ಕೇರ್‌ಗಿವರ್, ಕೇರ್‌ಗಿವರ್’ ಅಂದೆಯಂತೆ. ಹಾಗಂದರೆ ಏನವ್ವ ಅಂತ ಕೇಳಿದೆ. ‘ನೋಡ್ಕೊಳ್ಳೋರು’ ಅಂದಳು. ‘ನಮ್ಮಮ್ಮನಿಗೂ ನಿಮ್ಮಂಥವರು ಒಬ್ಬರು ಸಿಕ್ಕಿದ್ರೆ ನಾನು ಬದುಕ್ಕೋತಿದ್ದೆ, ಕೋಲಾರಕ್ಕೆ ಬಂದ್ಬಿಡ್ತೀರಾ?’ ಅಂತ ಕೈ ಹಿಡಿದುಕೊಂಡಳು. ಒಳ್ಳೆಯ ಹುಡುಗಿ, ಅವಳ ತಪ್ಪೇನಿಲ್ಲ. ನಾನು ಪವಿಯ ಅಕ್ಕ ಅಂದರೆ ನೀನು ಕ್ಲಾಸಿನಲ್ಲಿ ಹೇಳಿದ್ದು ಸುಳ್ಳಾಗಿ ನಿನ್ನ ಓದಿಗೆ ಏನಾದರೂ ಆಗಿಬಿಟ್ಟರೆ ಅಂತ ಹೆದರಿದೆ. ‘ಬಾಳ ವರ್ಸ ಆಯ್ತು ಕಣವ್ವ’ ಅಂದುಬಿಟ್ಟೆ.

ಅವ್ವ ಎಚ್ಚರವಾಗಿದ್ದಳು. ಆವತ್ತು ಸಂಜೆ ನನ್ನ ಕೈಯಿಂದ ಒಂದು ತುತ್ತೂ ತೆಗೆದುಕೊಳ್ಳಲಿಲ್ಲ. ತುಟಿ ಬಿಗಿದು ಮುಖವನ್ನು ಗೋಡೆ ಕಡೆ ತಿರುಗಿಸಿಬಿಟ್ಟಳು. ಯಾಕವ್ವ ಅಂದರೆ ಊಹೂಂ. ಕಡೆಗೆ ಭಾವ ಬಂದು ಉಣಿಸಿದರು. ಈಗ ಉಣ್ಣುತ್ತಾಳೆ, ನೀನು ಗಾಬರಿಯಾಗಬೇಡ.

ನೀನು ಬಾರದೆ ಇರುವುದು ನೆಟ್ಟಿಗೋ, ನನ್ನ ದನಿ ಮತ್ತೆ ಅವರಿಗೆಲ್ಲ ಕೇಳಿಸೀತು ಅಂತಲೋ, ಅದೊಂದನ್ನು ತಿಳಿಸು. ದನಿಗೆ ಅನ್ನುವುದಾದರೆ ಕ್ಲಾಸು ಮುಗಿಯುವವರೆಗೂ ನಾನು ಬ್ಯಾರನ್ ಹತ್ತಿರ ಹೋಗಿ ಕೂತಿರುತ್ತೇನೆ. ನಿಯಮ ಮುರಿ ಅಂತ ನಾನು ಹೇಳುವುದಿಲ್ಲ ಪವಿ, ನನ್ನ ಹೆಸರು ಯಾರಿಗೂ ಗೊತ್ತಾಗುವುದು ಬೇಡ. ಆದರೆ ಅಕ್ಕ ಅನ್ನುವುದು ಹೆಸರಲ್ಲವಲ್ಲ.