ಶಕೂಳ ಕುರ್ಚಿ

ಕೊಲ್ಹಾಪುರ,
೧೬ ನವೆಂಬರ್

ಪ್ರೀತಿಯ ಕುಮುದ,

ನಿನ್ನ ಎರಡು ಪತ್ರಗಳು ಬಂದು ಕೂತಿವೆ, ಉತ್ತರ ಮಾತ್ರ ಇಲ್ಲ. ಬೈಯುವುದಿದ್ದರೆ ಮೊದಲು ಬೈದುಬಿಡು, ಆಮೇಲೆ ಓದು. ಗಣಪತಿಯಿಂದ ದೀಪಾವಳಿಯವರೆಗೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಫೋನ್ ಮಾಡೋಣವೆಂದರೆ ಕಾಯುತ್ತ ಕೂತವರೆಲ್ಲ ಕಿವಿ ನೆಟ್ಟಗೆ ಮಾಡಿಕೊಳ್ಳುತ್ತಾರೆ. ಇಂದೋರಿನಲ್ಲಿ ಚಳಿ ಶುರುವಾಯಿತೇ? ನಿನ್ನ ಸೊಸೆಗೆ ಈಗ ಏಳನೇ ತಿಂಗಳಲ್ಲವೇ? ಅವಳನ್ನು ಹೆಚ್ಚು ಹೊತ್ತು ನಿಲ್ಲಿಸಬೇಡ.

ನಿಲ್ಲುವ ಮಾತು ಬಂದಾಗ ಪುಣೆಯಲ್ಲಿ ನಮ್ಮಿಬ್ಬರಿಗೂ ಕತ್ತರಿ ಹಿಡಿಯಲು ಕಲಿಸಿದ ಡಿಸೋಜಾ ಟೀಚರ್ ನೆನಪಾಗುತ್ತಾರೆ. ಇಪ್ಪತ್ತರಲ್ಲಿ ಯಾರು ಬೇಕಾದರೂ ಕೂದಲು ಕತ್ತರಿಸುತ್ತಾರೆ, ಐವತ್ತರಲ್ಲೂ ಕತ್ತರಿಸುತ್ತಿದ್ದರೆ ಆಗ ಬಂದು ನನಗೆ ಹೇಳಿ ಎನ್ನುತ್ತಿದ್ದರಲ್ಲ. ನೀನು ಮದುವೆಯಾಗಿ ಕತ್ತರಿ ಕೆಳಗಿಟ್ಟೆ. ನಾನು ಅವರು ಹೇಳಿದ್ದನ್ನೆಲ್ಲ ಪಾಲಿಸಿದೆ. ಒಳ್ಳೆಯ ಚಪ್ಪಲಿ, ಎತ್ತರ ಸರಿಮಾಡಿಕೊಳ್ಳುವ ಕುರ್ಚಿ, ಸೋಮವಾರ ರಜೆ, ಮೊಂಡಾದ ಕತ್ತರಿಯನ್ನು ಮುಟ್ಟದಿರುವುದು. ಕ್ಷೌರದ ಕಸುಬಿನ ನಮ್ಮ ನಾವಿ ಮನೆತನದಲ್ಲಿ ಗಂಡಸರು ಮಾತ್ರ ಕತ್ತರಿ ಹಿಡಿಯುತ್ತಿದ್ದರು. ಅದನ್ನು ಹಿಡಿದ ಮೊದಲ ಹೆಂಗಸು ನಾನು. ಸಾಯುವವರೆಗೆ ಬಿಡುವುದಿಲ್ಲ ಎಂದುಕೊಂಡಿದ್ದೆ.

ಆದರೆ ಹೋದ ವರ್ಷದಿಂದ ಎಡಗೈ ಕಾಡತೊಡಗಿತು. ಬಲಗೈಯಾಗಿದ್ದರೆ ಎಲ್ಲರಿಗೂ ಅರ್ಥವಾಗುತ್ತಿತ್ತು. ನಿನಗೆ ಗೊತ್ತು, ಬಲಗೈ ಬರೀ ಕತ್ತರಿಸುತ್ತದೆ. ಎಳೆಯನ್ನು ಹಿಡಿದು, ಅದು ಎಷ್ಟು ದಪ್ಪ, ಎಷ್ಟು ಒದ್ದೆ, ಎಲ್ಲಿ ಬಾಗುತ್ತದೆ ಎಂದು ತಿಳಿದುಕೊಳ್ಳುವುದು ಎಡಗೈ. ರಾತ್ರಿ ಮಣಿಕಟ್ಟಿಗೆ ಬೆಂಕಿ ಬಿದ್ದಂತೆ ಉರಿಯುತ್ತಿತ್ತು. ಡಾಕ್ಟರರು ನರ ಒತ್ತಿಕೊಂಡಿದೆ, ಕೆಲಸ ನಿಲ್ಲಿಸಿ, ಇಲ್ಲವೇ ಆಪರೇಶನ್ ಮಾಡಿಸಿಕೊಂಡು ತಿಂಗಳುಗಟ್ಟಲೆ ಸುಮ್ಮನಿರಿ ಎಂದರು.

ನಿಲ್ಲಿಸುವುದು ಹೇಗೆ? ಪ್ರಾಜಕ್ತಾ ಗೊತ್ತಲ್ಲ, ಗಡಹಿಂಗ್ಲಜದವಳು, ನನ್ನ ಹತ್ತಿರವೇ ಕಲಿತವಳು. ಕೈ ಚೆನ್ನಾಗಿದೆ. ಆದರೆ ಅವಳ ಕುರ್ಚಿಯಲ್ಲಿ ಯಾರೂ ಕೂರುವುದಿಲ್ಲ. ನಮ್ಮ ಹಳೆಯ ಗಿರಾಕಿ ಘೋರ್ಪಡೆ ಕಾಕು ನನ್ನ ಕೈಗೆಂದು ಮನೆಯಲ್ಲೇ ಕಾಸಿದ ಎಣ್ಣೆ ತಂದರು, ಮೆಂತ್ಯದ ಉಂಡೆ ತಂದರು, ಅರ್ಧ ಗಂಟೆ ಕನಿಕರಪಟ್ಟರು. ಆಮೇಲೆ ನೇರ ಬಂದು ನನ್ನ ಕುರ್ಚಿಯಲ್ಲೇ ಕೂತರು.

“ಕಾಕು, ಇವತ್ತ ಪ್ರಾಜಕ್ತಾ ಮಾಡ್ತಾಳ,” ಎಂದೆ.

“ಅಕಿ ಛಲೋನ ಮಾಡ್ತಾಳ, ನಾ ಇಲ್ಲ ಅನ್ನಂಗಿಲ್ಲ. ಆದ್ರ ನನ್ನ ತಲಿ ಹಿಂದಿನ ಸುಳಿ ನಿನಗೊಬ್ಬಾಕಿಗೇ ಗೊತ್ತದ. ನಿನ್ನ ಕೈ ನೋಯ್ತಿದ್ರ ಸಾವಕಾಶ ಮಾಡು. ನನಗೇನ ಅವಸರ?”

ಎಲ್ಲರೂ ಹೀಗೆಯೇ. ಇವರ ಪ್ರೀತಿಯಿಂದಲೇ ಅಂಗಡಿ ನಿಂತಿದೆ, ಅದೇ ಪ್ರೀತಿ ನನ್ನನ್ನು ಕುರ್ಚಿಯ ಹಿಂದೆ ಕಟ್ಟಿಹಾಕಿದೆ. ಬಾಗಿಲು ಹಾಕಿದರೆ ಪ್ರಾಜಕ್ತಾಳ ಮನೆಯ ಒಲೆಯೂ ಆರುತ್ತದೆ.

ದಸರಾ ಕಳೆದ ಮೇಲೆ ಒಂದು ದಿನ ನಿಂಬಾಳ್ಕರರ ಸೊಸೆಯ ಕೂದಲು ಕತ್ತರಿಸಿದೆ. ಒಂದು ಬದಿ ಉದ್ದ ಉಳಿದದ್ದು ನನಗೆ ಗೊತ್ತಾಗಲೇ ಇಲ್ಲ. ಪ್ರಾಜಕ್ತಾ, “ತುಸು ಒಣಗಿಸ್ತೀನಿ, ಬರ್ರಿ ವೈನಿ,” ಎಂದು ಅವಳನ್ನು ಆಚೆ ಕರೆದೊಯ್ದು ಸದ್ದಿಲ್ಲದೆ ಸರಿಮಾಡಿದಳು. ಸಂಜೆ ಕಸ ಗುಡಿಸುತ್ತ ತಲೆ ಎತ್ತದೆ ಹೇಳಿದಳು:

“ಅಕ್ಕಾ, ಪುಣೇದಾಗ ಒಂದು ದೊಡ್ಡ ಅಂಗಡಿಯವರು ಕರೀಲಿಕ್ಕತ್ತಾರ. ದೀಪಾವಳಿ ಮುಗಿಸಿ ಹೋಗ್ತೀನಿ.”

“ನಿನ್ನ ಮಗಳ ಸಾಲಿ?”

“ಅಲ್ಲೇ ಹಾಕ್ತೀನಿ. ಇಲ್ಲಿದ್ದು ಏನ ಮಾಡ್ಲಿ? ಬರೇ ಮಂದಿ ತಲಿ ತೊಳಕೋತ ಮುದುಕಿ ಆಗ್ಲೇನು? ನಿಮ್ಮ ಮ್ಯಾಲ ಸಿಟ್ಟಿಲ್ಲ ಅಕ್ಕಾ. ಆದ್ರ ನೀವು ಇರೂತನಾ ನನ್ನ ಕುರ್ಚಿ ಖಾಲಿನ.”

ಸಿಟ್ಟು ಮಾಡಿಕೊಂಡಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಅವಳು ಹೇಳಿದ್ದು ನಿಜ. ನಾನು ಸಿಕ್ಕಿಬಿದ್ದಿದ್ದು ಸಾಲದೆಂದು ಅವಳನ್ನೂ ಸಿಕ್ಕಿಸಿದ್ದೆ.

ದೀಪಾವಳಿಗೆ ಮುಂಚಿನ ಶನಿವಾರ ಅಂಗಡಿ ತುಂಬಿತ್ತು. ಘೋರ್ಪಡೆ ಕಾಕು ಮೊದಲ ಸಾಲಿನಲ್ಲೇ ಇದ್ದರು. ನಾನು ಹೋಗಿ ನನ್ನ ಕುರ್ಚಿಯಲ್ಲಿ ನಾನೇ ಕೂತೆ. ಕೊರಳಿಗೆ ಬಟ್ಟೆ ಕಟ್ಟಿಕೊಂಡು ತುರುಬು ಬಿಚ್ಚಿದೆ. ಸೊಂಟದವರೆಗೆ ಇಳಿಯುವ ಆ ಕೂದಲನ್ನು ನಾನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ, ಊರಿಗೆಲ್ಲ ಗೊತ್ತು.

“ಪ್ರಾಜಕ್ತಾ, ಬಾ. ಭುಜದ ತನಕ ಕತ್ತರಸು.”

ಅವಳು ಕನ್ನಡಿಯಲ್ಲಿ ನನ್ನ ಮುಖ ನೋಡಿದಳು. “ಅಕ್ಕಾ, ಚ್ಯಾಷ್ಟಿ ಮಾಡಬ್ಯಾಡ್ರಿ.”

“ಮಂದಿ ಕಾಯಾಕತ್ತಾರ. ಕತ್ತರಸು.”

“ಹಬ್ಬ ಮುಂದಿಟ್ಟಕೊಂಡು ಇದೇನ ಹುಚ್ಚುತನ ಶಕೂ,” ಎಂದು ಕಾಕು ಎದ್ದುನಿಂತರು. ನಾನು ಕಣ್ಣು ಮುಚ್ಚಿಕೊಂಡೆ. ಕತ್ತಿನ ಹಿಂದೆ ಪ್ರಾಜಕ್ತಾಳ ಬೆರಳು ಎಳೆ ಎಳೆಯಾಗಿ ಹುಡುಕುತ್ತ ಹೋಗುವುದು ತಿಳಿಯುತ್ತಿತ್ತು. ಕೂದಲು ನೆಲಕ್ಕೆ ಬಿದ್ದಾಗ ಅಷ್ಟು ಭಾರದ ಸದ್ದಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಮುಗಿದ ಮೇಲೆ ಕಾಕು ನನ್ನ ಸುತ್ತ ಒಂದು ಸುತ್ತು ಬಂದರು. ಹಿಂದಿನಿಂದ ಕೂದಲೆತ್ತಿ ನೋಡಿ ಬಿಟ್ಟರು. ಅದು ತಾನಾಗಿ ತನ್ನ ಜಾಗಕ್ಕೆ ಬಂದು ಕೂತಿತು.

“ಹತ್ತು ವರ್ಷ ಸಣ್ಣಾಕಿ ಆದಂಗ ಕಾಣ್ತಿ,” ಎಂದರು. ಕುರ್ಚಿಯ ಬೆನ್ನು ತಟ್ಟಿ, “ಏಳು ಮತ್ತ. ಎಷ್ಟೊತ್ತು ಕುಂದರ್ತಿ? ನನ್ನ ಪಾಳಿ ಬಂತು,” ಎಂದರು.

ಅವತ್ತಿನಿಂದ ಪ್ರಾಜಕ್ತಾಳಿಗೆ ಊಟಕ್ಕೂ ಪುರುಸೊತ್ತಿಲ್ಲ. ಪುಣೆಯವರಿಗೆ ಬರುವುದಿಲ್ಲವೆಂದು ಹೇಳಿದ್ದಾಳೆ. ಅಂಗಡಿ ಉಳಿಯಿತು. ನಮ್ಮ ಮನೆಯವರು, “ಇನ್ನ ರಾಣಿ ಹಂಗ ಕುಂತು ಹುಕುಂ ಕೊಡು,” ಎನ್ನುತ್ತಾರೆ.

ರಾಣಿಯ ಪಾಡು ಕೇಳು. ಬಾಗಿಲ ಪಕ್ಕದ ಮೇಜಿನಲ್ಲಿ ಕೂತು ಬಂದವರಿಗೆ ಚಹಾ ಹೇಳುತ್ತೇನೆ, ಫೋನ್ ಎತ್ತುತ್ತೇನೆ. ಬೆನ್ನ ಹಿಂದೆ ಕತ್ತರಿಯ ಸದ್ದು ಕೇಳಿದರೆ ತಿರುಗದೆಯೇ ಅವಳು ಈಗ ಕಿವಿಯ ಹತ್ತಿರ ಬಂದಳು, ಈಗ ಕುತ್ತಿಗೆಗೆ ಇಳಿದಳು ಎಂದು ಹೇಳಬಲ್ಲೆ. ಮೇಜಿನ ಕೆಳಗೆ ನನ್ನ ಬಲಗೈ ಬೆರಳು ತಮ್ಮಷ್ಟಕ್ಕೆ ಆಡುತ್ತಿರುತ್ತವೆ. ದಿನವಿಡೀ ನಿಂತು ಇಷ್ಟು ದಣಿದಿರಲಿಲ್ಲ ಕುಮುದ, ಈಗ ಕೂತು ದಣಿಯುತ್ತೇನೆ. ಎದ್ದು ಮನೆಗೆ ಹೋಗೋಣವೆಂದರೆ ನನ್ನ ಮುಖ ಕಾಣದಿದ್ದರೆ ಗಿರಾಕಿಗಳು ಬಾಗಿಲಿಂದಲೇ ತಿರುಗುತ್ತಾರೆ. ಕತ್ತರಿಸಲೂ ಆಗದು, ಬಿಟ್ಟು ಹೋಗಲೂ ಆಗದು.

ಹೋಗಲಿ ಬಿಡು. ನಿನ್ನ ಸೊಸೆ ಸುಖವಾಗಿ ಹೆತ್ತು ಏಳಲಿ. ಕೂಸು ನಿನ್ನ ಹಾಗೆ ಗುಂಗುರು ಕೂದಲು ಹೊತ್ತುಕೊಂಡು ಬರಲಿ, ನಿಮ್ಮ ಮನೆ ಅದರ ಗಲಾಟೆಯಿಂದ ತುಂಬಲಿ. ಎಲ್ಲರಿಗೂ ನನ್ನ ಆಶೀರ್ವಾದ, ನಿನಗೆ ಒಂದು ಗಟ್ಟಿ ಅಪ್ಪುಗೆ.

ನಿನ್ನ,
ಶಕೂ

ತಾ.ಕ.: ಶ್ರಾವಣದಲ್ಲಿ ನಿನ್ನ ಫೋನ್ ಎತ್ತಲಿಲ್ಲವಲ್ಲ, ಆಗ ನಾನು ಸಾಂಗ್ಲಿಯ ಆಸ್ಪತ್ರೆಯಲ್ಲಿದ್ದೆ. ತಂಗಿಯ ಮನೆಗೆ ಹೋಗಿದ್ದೇನೆಂದು ಎಲ್ಲರಿಗೂ ಹೇಳಿದ್ದೆ. ಆಪರೇಶನ್ ಆಗಿದೆ, ನಮ್ಮ ಮನೆಯವರನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ನೋವು ಪೂರ್ತಿ ಹೋಯಿತು. ಅದರ ಜೊತೆ ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳುಗಳ ಸ್ಪರ್ಶವೂ ಹೋಗಿದೆ. ತಡಮಾಡಿ ಬಂದಿರಿ, ಇನ್ನು ಮರಳುವುದಿಲ್ಲ ಎಂದರು ಡಾಕ್ಟರರು. ನಂಬಲಿಲ್ಲ. ಮನೆಯಲ್ಲಿ ಕಣ್ಣು ಮುಚ್ಚಿ ಒಂದು ಕೂದಲೆಳೆ, ಒಂದು ಹೊಲಿಗೆ ದಾರ ಹಿಡಿದು ನೋಡಿದೆ. ಯಾವುದು ಯಾವುದೆಂದು ತಿಳಿಯಲಿಲ್ಲ. ಆಮೇಲೂ ಎರಡು ತಿಂಗಳು ಬರೀ ಕಣ್ಣಂದಾಜಿನಲ್ಲಿ ಗಿರಾಕಿಗಳ ಕೂದಲು ಕತ್ತರಿಸಿದೆ. ಈಗಲೂ ಬೆಳಿಗ್ಗೆ ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡೇ ಅಂಗಡಿಗೆ ಹೋಗುತ್ತೇನೆ. ಅದನ್ನು ಕಂಡು ಎಲ್ಲರೂ, ಕೈ ನೆಟ್ಟಗಾಗಲಿ, ಮತ್ತೆ ನಿನ್ನ ಹತ್ತಿರವೇ ಕೂರುತ್ತೇವೆ ಎನ್ನುತ್ತಾರೆ. ನಾನು ಹೂಂ ಎನ್ನುತ್ತೇನೆ. ನೀನು ಮಾತ್ರ ಹಾಗೆ ಬರೆಯಬೇಡ.